ಅವ್ವಗೆಂಪು

ಒಂದು ಕಾಲದಲ್ಲಿ ನನ್ನ ಹತ್ತಿರ ಬಣ್ಣ ಕಾಣದ ಕ್ಯಾಮೆರಾ ಇತ್ತು. ಹುಟ್ಟಿನಿಂದ ಅದು ಹಾಗಿರಲಿಲ್ಲ. ಕೊಂಡಾಗ ಕೆಂಪನ್ನು ಕೆಂಪೆಂದೂ ಹಸಿರನ್ನು ಹಸಿರೆಂದೂ ಒಪ್ಪಿಕೊಂಡು, ಯಾರ ತಂಟೆಗೂ ಹೋಗದೆ, ಮರ್ಯಾದಸ್ಥರಂತೆ ಬಾಳಿಕೊಂಡಿದ್ದ ಡಿಜಿಟಲ್ ಕ್ಯಾಮೆರಾ. ಅದರ ದಾರಿ ತಪ್ಪಿಸಿದವನು ನಾನು. ಈ ಪಾಪಕ್ಕೆ ಸಾಕ್ಷಿಯಾಗಿ ಒಂದು ಬೆಂಕಿಪೊಟ್ಟಣ ಇಂದಿಗೂ ನನ್ನ ಮೇಜಿನ ಖಾನೆಯಲ್ಲಿದೆ.

ಎರಡು ಸಾವಿರದ ದಶಕದ ನಡುಭಾಗದ ಮಾತು. ನಾನು ಕೊಯಮತ್ತೂರಿನ ಕುರಿಚಿಯ ಒಂದು ಫೌಂಡ್ರಿಯಲ್ಲಿ ಕೆಲಸಕ್ಕಿದ್ದೆ. ಪಂಪಿನ ಎರಕಗಳನ್ನು ತಿರುಗಿಸಿ ನೋಡಿ, ತಟ್ಟಿ ನೋಡಿ, ಒಳಗೆಲ್ಲಾದರೂ ತೂತು ಬಿದ್ದಿದೆಯೇ ಎಂದು ಪತ್ತೆ ಹಚ್ಚುವುದು ನನ್ನ ಉದ್ಯೋಗ. ದಿನವಿಡೀ ಪರರ ತಪ್ಪು ಹುಡುಕಿ ಅದಕ್ಕೆ ಸಂಬಳವನ್ನೂ ಪಡೆಯುವ ಭಾಗ್ಯ ಎಲ್ಲರಿಗೂ ಸಿಗುವುದಿಲ್ಲ. ಭಾನುವಾರ ಮಾತ್ರ ಈ ಭಾಗ್ಯಕ್ಕೆ ರಜೆ. ಆ ದಿನ ಫೋಟೋ ತೆಗೆಯುತ್ತಿದ್ದೆ.

ಡಿಜಿಟಲ್ ಕ್ಯಾಮೆರಾದ ಒಳಗಣ್ಣಿಗೆ ಮನುಷ್ಯನಿಗಿಂತ ಹೆಚ್ಚು ಕಾಣುತ್ತದೆ ಎಂದು ನಾನು ಓದಿ ತಿಳಿದದ್ದು ಆಗಲೇ. ಕೆಂಪಿನ ಆಚೆಗೂ ಬೆಳಕಿದೆ. ನಮ್ಮ ಕಣ್ಣಿಗೆ ಅದು ಬೀಳುವುದಿಲ್ಲ, ಕ್ಯಾಮೆರಾಕ್ಕೆ ಬೀಳುತ್ತದೆ. ಈ ಅಧಿಕಪ್ರಸಂಗವನ್ನು ತಡೆಯಲೆಂದೇ ತಯಾರಿಸಿದವರು ಅದರ ಮುಂದೆ ಉಗುರಿನಗಲದ ಒಂದು ನಸುನೀಲಿ ಗಾಜನ್ನು ಕೂರಿಸಿರುತ್ತಾರೆ. ಆ ಗಾಜನ್ನು ಕಿತ್ತು, ಅಲ್ಲಿ ನೋಡಲು ಪೂರಾ ಕಪ್ಪಾಗಿರುವ ಬೇರೊಂದು ಗಾಜನ್ನು ಇಟ್ಟರೆ, ಕ್ಯಾಮೆರಾ ನಮ್ಮ ಬೆಳಕನ್ನು ಬಿಟ್ಟು ಆ ಬೆಳಕನ್ನು ಮಾತ್ರ ನೋಡತೊಡಗುತ್ತದೆ. ಓದಿದ ಮೇಲೆ ನನಗೆ ನಿದ್ದೆ ಬರಲಿಲ್ಲ. ಇದ್ದದ್ದು ಒಂದೇ ಕ್ಯಾಮೆರಾ ಎಂಬುದು ಆಗ ದೊಡ್ಡ ಅಡ್ಡಿಯಾಗಿ ಕಾಣಲಿಲ್ಲ.

ಉಕ್ಕಡಂ ಬಸ್ ನಿಲ್ದಾಣದ ಹಿಂದಿನ ಗಲ್ಲಿಯಲ್ಲಿ ರೇಡಿಯೋ, ಗಡಿಯಾರ, ಕ್ಯಾಮೆರಾ ಮೂರನ್ನೂ ಒಂದೇ ಸ್ಕ್ರೂಡ್ರೈವರಿನಿಂದ ಗುಣಪಡಿಸುವ ಒಬ್ಬ ಹಿರಿಯರಿದ್ದರು. ಅವರು ನನ್ನ ಕ್ಯಾಮೆರಾವನ್ನು ಹಿಂದೆಮುಂದೆ ನೋಡಿ, "ನಲ್ಲಾ ಓಡುದೇ ಸಾರ್, ಇದುಲ ಎನ್ನ ರಿಪೇರಿ?" ಎಂದರು. ಚೆನ್ನಾಗಿ ಓಡುತ್ತಿದೆ, ಆದ್ದರಿಂದಲೇ ಕೆಡಿಸಬೇಕಾಗಿದೆ ಎಂದು ನನ್ನ ಹರಕು ತಮಿಳಿನಲ್ಲಿ ಬಿನ್ನವಿಸಿಕೊಂಡೆ. ಅವರು ಕನ್ನಡಕದ ಮೇಲಿಂದ ನನ್ನನ್ನು ಸ್ವಲ್ಪ ಹೊತ್ತು ನೋಡಿದರು. ಮನೆಯಲ್ಲಿ ಹಿರಿಯರು ಯಾರೂ ಇಲ್ಲವೇ ಎಂದು ಕೇಳುವ ನೋಟ ಅದು. ಆಮೇಲೆ ಬಿಳಿ ಬಟ್ಟೆ ಹಾಸಿ, ಸ್ಕ್ರೂಗಳನ್ನು ಬಿಚ್ಚಿದ ಸಾಲಿನಲ್ಲೇ ಇಟ್ಟು, ಫ್ಲ್ಯಾಷಿನ ಕಡೆಯಿಂದ ಒಮ್ಮೆ ಶಾಕ್ ಹೊಡೆಸಿಕೊಂಡು, ದೇವರನ್ನು ಕರೆದು, ಗಾಜು ಬದಲಿಸಿಕೊಟ್ಟರು. ಕಿತ್ತ ನೀಲಿ ಗಾಜನ್ನು ಖಾಲಿ ಬೆಂಕಿಪೊಟ್ಟಣದಲ್ಲಿ ಹಾಕಿ ನನ್ನ ಕೈಗಿಟ್ಟರು. ಹೆರಿಗೆ ಕೋಣೆಯಿಂದ ಹೊರಬಂದ ದಾದಿಯ ಗಾಂಭೀರ್ಯವಿತ್ತು ಅವರ ಮುಖದಲ್ಲಿ.

ಆ ಕ್ಯಾಮೆರಾದಲ್ಲಿ ಲೋಕವೇ ಬೇರೆಯಾಯಿತು. ಹಸಿರೆಲೆಗಳು ಆ ಕಾಣದ ಬೆಳಕನ್ನು ಕೈತುಂಬ ಹಿಂದಕ್ಕೆ ಎರಚುತ್ತವೆ, ಆದ್ದರಿಂದ ಮರಗಳೆಲ್ಲ ಬೆಳ್ಳಗೆ. ನೀರು ಅದನ್ನು ನುಂಗಿಬಿಡುತ್ತದೆ, ಆದ್ದರಿಂದ ಕೆರೆ ಕಪ್ಪಗೆ. ಉಕ್ಕಡಂ ಕೆರೆ ಡಾಂಬರು ಕಾಯಿಸಿ ಸುರಿದಂತಿತ್ತು, ಅದರ ಮೇಲೆ ಹಬ್ಬಿದ ಅಂತರಗಂಗೆ ಅರಳೆ ಹರಡಿದಂತಿತ್ತು. ಪಲ್ಲಡಂ ರಸ್ತೆಯ ತೆಂಗಿನಮರಗಳು ಒಂದೇ ದಿನ ತಲೆ ನರೆತ ಹಿರಿಯರಂತೆ ನಿಂತಿದ್ದವು. ಕ್ಯಾಮೆರಾದ ಪುಟ್ಟ ಪರದೆಯಲ್ಲಿ ನೋಡಿದರೆ ಎಲ್ಲವೂ ದಾಳಿಂಬೆ ರಸದಲ್ಲಿ ಅದ್ದಿದ ಹಾಗೆ ಕಡುಗೆಂಪು. ಮನೆಗೆ ತಂದು ಕಂಪ್ಯೂಟರಿಗೆ ಹಾಕಿ, ಆ ಕೆಂಪನ್ನು ಹಿಂಡಿ ತೆಗೆದು, ಕಪ್ಪನ್ನು ಇನ್ನಷ್ಟು ಕೆಳಕ್ಕೂ ಬಿಳುಪನ್ನು ಇನ್ನಷ್ಟು ಮೇಲಕ್ಕೂ ಎಳೆದರೆ ಕಪ್ಪುಬಿಳುಪಿನ ಚಿತ್ರ. ಇದನ್ನು ನಾನು ತಪಸ್ಸಿನಂತೆ ಮಾಡುತ್ತಿದ್ದೆ. ಮನುಷ್ಯರ ಸಹವಾಸಕ್ಕೆ ಮಾತ್ರ ಹೋಗಿರಲಿಲ್ಲ. ಮರಗಳು ಅಲುಗಾಡುವುದು ಕಡಿಮೆ, ಫೋಟೋ ಕೇಳುವುದಂತೂ ಇಲ್ಲವೇ ಇಲ್ಲ.

ಫೌಂಡ್ರಿಯಲ್ಲಿ ಸುದ್ದಿ ಹಬ್ಬಿ, ನಮ್ಮ ಮೇಸ್ತ್ರಿ ಬಂದು ಹಣೆ ಮುಂದೊಡ್ಡಿ, "ಕಾಚ್ಚಲ್ ಇರುಕ್ಕಾ ಪಾರುಂಗ ಸಾರ್" ಎಂದು ನಿಂತ. ಜ್ವರ ಇದೆಯೇ ನೋಡಿ ಹೇಳಬೇಕಂತೆ. ಇದು ಕಾವು ಅಳೆಯುವ ಕ್ಯಾಮೆರಾ ಅಲ್ಲ ಎಂದು ಎಷ್ಟು ಹೇಳಿದರೂ ಒಪ್ಪದೆ, ನನಗೆ ಹೇಳಲು ಮನಸ್ಸಿಲ್ಲ ಎಂದು ತೀರ್ಮಾನಿಸಿ ಹೋದ.

ನಾನು ಬಾಡಿಗೆಗಿದ್ದದ್ದು ಕುರಿಚಿಯ ಹತ್ತಿರವೇ, ಒಂದು ನೇಕಾರರ ಬೀದಿಯಲ್ಲಿ, ಮಹಡಿಯ ಒಂಟಿ ಕೋಣೆಯಲ್ಲಿ. ಕೆಳಗೆ ಮನೆಯವರು ಗಂಡಹೆಂಡತಿ. ಗಂಡನನ್ನು ಇಡೀ ಬೀದಿ ಅಯ್ಯ ಎನ್ನುತ್ತಿತ್ತು, ಹೆಂಡತಿಯನ್ನು ಅವ್ವ. ನಾನೂ ಹಾಗೇ ಕರೆದೆ. ಅವರ ಹಿರಿಯರು ಯಾವ ಕಾಲದಲ್ಲೋ ಕನ್ನಡ ನಾಡಿನಿಂದ ಬಂದವರು. ಎಲ್ಲಿಂದ ಎಂದು ಕೇಳಿದರೆ ಅಯ್ಯ ಬೆರಳನ್ನು ವಾಯವ್ಯಕ್ಕೋ ಉತ್ತರಕ್ಕೋ ತೋರಿಸಿ "ಮೇಲಿಂದ" ಎನ್ನುತ್ತಿದ್ದರು. ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು. ಓದಲು ಬರುತ್ತಿದ್ದುದು ತಮಿಳು ಮಾತ್ರ. ಆ ಕನ್ನಡಕ್ಕೂ ಕೊಯಮತ್ತೂರಿನ ಮರ್ಯಾದೆಯ 'ಉಂಗ' ಬಾಲದಂತೆ ಅಂಟಿಕೊಂಡಿತ್ತು. ಅವ್ವ ಗಂಡನನ್ನು ಕರೆಯುತ್ತಿದ್ದುದೇ "ಏನುಂಗ" ಎಂದು.

ನನ್ನ ಕನ್ನಡ ಅವರಿಗೆ ವಿನೋದದ ವಸ್ತು. "ಈ ತಂಬಿ ಮಾತಾಡಿದ್ರೆ ರೇಡಿಯೋಲಿ ನ್ಯೂಸ್ ಓದ್ದಂಗೈತೆ," ಎಂದು ಅವ್ವ ಪಕ್ಕದ ಮನೆಯವರಿಗೆ ನನ್ನೆದುರೇ ಹೇಳುತ್ತಿದ್ದರು. "ಸೋರು ಉಂಡ್ಯಾ ಅಂತ ಕೇಳಿದ್ರೆ 'ಊಟವಾಯಿತು' ಅಂತಾನೆ. ಯಾರಿಗೋ ತಂತಿ ಕೊಟ್ಟಂಗೆ!"

ಈ ರೇಡಿಯೋ ಕನ್ನಡವೇ ಮುಂದಿನ ಅನಾಹುತಕ್ಕೆ ಕಾರಣ. ಒಂದು ದಿನ ಅಯ್ಯ, ಇದು ಎಂಥ ಕ್ಯಾಮೆರಾ ಎಂದು ವಿಚಾರಿಸಿದರು. ಕನ್ನಡದವರು ಕನ್ನಡದಲ್ಲಿ ಕೇಳಿದಾಗ ಕನ್ನಡದಲ್ಲೇ ಹೇಳಬೇಡವೇ? ಹೈಸ್ಕೂಲಿನ ವಿಜ್ಞಾನ ಪಾಠವನ್ನು ನೆನೆದು, ಎದೆಯುಬ್ಬಿಸಿ, "ಇದು ಅವಗೆಂಪು ಬೆಳಕಿನ ಕ್ಯಾಮೆರಾ ಅಯ್ಯಾ," ಎಂದೆ.

"ಏನ್ ಕೆಂಪು?"

"ಅವಗೆಂಪು."

"ಅವ್ವಗೆಂಪಾ!" ಅಯ್ಯನ ಮುಖ ಅರಳಿತು. ಒಳಗೆ ತಿರುಗಿ ಕೂಗಿದರು. "ಇವಳೇ, ಕೇಳ್ದ್ಯಾ? ನಿನ್ ಪೇರಲ್ಲೇ ಒಂದು ಕೆಂಪು ಐತಂತೆ. ತಂಬಿ ಕ್ಯಾಮೆರಾಗೆ ಅದೊಂದೇ ಕಾಣೋದಂತೆ!"

"ನನ್ ಮುಖ ನೋಡಿ ಯಾವ ಮಡಯ ಕೆಂಪು ಅಂತ ಪೇರಿಟ್ಟನುಂಗ?" ಎಂದು ಒಳಗಿನಿಂದ ಉತ್ತರ ಬಂತು. ಅವ್ವ ಒಳ್ಳೆಯ ಕರಿಮಣಿಯ ಬಣ್ಣದವರು.

ತಿದ್ದಬೇಕಿತ್ತು. ಕೆಂಪಿಗಿಂತ ಕೆಳಗಿನದು, ಆದ್ದರಿಂದ ಅವಗೆಂಪು ಎಂದು ವಿವರಿಸಲು ಬಾಯಿಯನ್ನೂ ತೆರೆದಿದ್ದೆ. ಅಷ್ಟರಲ್ಲಿ ಅವ್ವ ಕಾಪಿ ತಂದರು. ತೆರೆದ ಬಾಯನ್ನು ಅದಕ್ಕೇ ಬಳಸಿಕೊಂಡೆ.

ಅಯ್ಯ ಕೇಳಿದ್ದು ಸುಮ್ಮನೆ ಅಲ್ಲ ಎಂದು ತಿಳಿದದ್ದು ಮರುವಾರ. ಆ ಮನೆಯ ಮುಂಗೋಣೆಯಲ್ಲಿ ಗುಳಿ ಮಗ್ಗವಿತ್ತು. ನೆಲದಲ್ಲಿ ತೋಡಿದ ಗುಳಿಯಲ್ಲಿ ಕಾಲು ಇಳಿಬಿಟ್ಟು ಕೂತು ನೇಯುವ ಮಗ್ಗ. ಅಯ್ಯನ ಮೊಣಕಾಲುಗಳು ಗುಳಿಗೆ ಇಳಿದರೆ ಮೇಲೆ ಬರಲು ಒಪ್ಪದೆ ವರ್ಷವಾಗಿತ್ತು. ಪಲ್ಲಡಂನಲ್ಲಿ ಪವರ್‌ಲೂಮ್ ನಡೆಸುತ್ತಿದ್ದ ಗಂಡುಮಕ್ಕಳು ಮುಂದಿನ ಸೋಮವಾರ ಬಂದು ಮಗ್ಗ ಬಿಚ್ಚಿ, ಗುಳಿ ಮುಚ್ಚಿ, ಮೇಲೆ ಸಿಮೆಂಟು ಎಳೆಸುವುದು ಎಂದು ನಿಶ್ಚಯವಾಗಿತ್ತು.

"ಅದಕ್ಕೆ ಮುಂಚೆ ಒಂದು ಫೋಟೋ ಬೇಕು ತಂಬಿ," ಎಂದರು ಅಯ್ಯ. "ನಾನು ಗುಳೀಲಿ ಕೂತಿರ್ಬೇಕು. ಇವಳು ಪಕ್ಕದಾಗೆ ಆ ಸೀರೆ ಉಟ್ಟು ನಿಂತಿರ್ಬೇಕು. ನಮ್ಮಿಬ್ಬರದು ಒಂದು ಫೋಟೋನೂ ಇಲ್ಲ, ಗೊತ್ತಾ? ಮಕ್ಕಳ ಕಲ್ಯಾಣದ ಆಲ್ಬಂ ಮೂರಿದಾವೆ. ಮೂರರಾಗೂ ಹುಡುಕಿದ್ರೂ ಇವಳಿಲ್ಲ."

"ನಾನೂ ಬಂದು ನಿಂತಿದ್ರೆ ಪಂತೀಲಿ ಸಾಂಬಾರು ಯಾರು ನೋಡ್ತಿದ್ರುಂಗ?" ಎಂದರು ಅವ್ವ.

ಆ ಸೀರೆಯ ಕತೆ ಬೀದಿಗೆಲ್ಲ ಗೊತ್ತಿತ್ತು. ಅದು ಆ ಮಗ್ಗದ ಮೇಲೆ ಅಯ್ಯ ನೇಯ್ದ ಕಡೆಯ ಸೀರೆ, ಹೆಂಡತಿಗೆಂದೇ ನೇಯ್ದದ್ದು. ಅರಗಿನ ಬಣ್ಣದ ಕಡುಗೆಂಪು. ಉದ್ದಕ್ಕೆ ಹೋಗುವ ಹಾಸಿನ ನೂಲು ಅಂಗಡಿಯದು. ಅಡ್ಡಕ್ಕೆ ಹೆಣೆಯುವ ಹೊಕ್ಕಿನ ನೂಲು ಅವ್ವನ ತವರಿನಲ್ಲಿ, ಅವರಣ್ಣನ ಕೈಯಿಂದ ಬಣ್ಣ ಕಂಡದ್ದು. ಆತ ತುಕ್ಕು ಕಬ್ಬಿಣವನ್ನು ಬೆಲ್ಲದ ನೀರಿನಲ್ಲಿ ವಾರಗಟ್ಟಲೆ ನೆನೆಹಾಕಿ, ಆ ನೀರಿನಿಂದ ಕೆಂಪನ್ನು ಕಪ್ಪೇರಿಸುತ್ತಿದ್ದನಂತೆ. ಆ ನೂಲೇ ಅವನ ಕೊನೆಯ ಬಣ್ಣ. ಆಮೇಲೆ ಬಣ್ಣದ ತೊಟ್ಟಿ ಮುಚ್ಚಿದ, ಆ ವರ್ಷವೇ ತೀರಿಕೊಂಡ. "ಹೊಕ್ಕು ಒಂದು ಎಳೆ ಬಿಡದಂಗೆ ಪೂರಾ ಇವಳಣ್ಣನ ಕೈ ಬಣ್ಣ," ಎಂದು ಅಯ್ಯ ಬಂದವರಿಗೆಲ್ಲ ಹೇಳುವರು. ಆಗ ಅವ್ವ ಎದ್ದು ಒಲೆಯ ಕಡೆ ಹೋಗುತ್ತಿದ್ದರು. ಅಣ್ಣನ ನೆನಪು ಎಂದುಕೊಂಡಿದ್ದೆ.

"ಸ್ಟುಡಿಯೋದವರನ್ನು ಕರೆಸಿದರೆ ಒಳ್ಳೆಯದಲ್ಲವೇ?" ಎಂದು ಬಾಯಿಮಾತಿಗೆ ಹೇಳಿ ನೋಡಿದೆ.

"ಅವರ ಕ್ಯಾಮೆರಾಲಿ ಅವ್ವಗೆಂಪು ಐತಾ?" ಎಂದರು ಅಯ್ಯ.

ಇಲ್ಲ ಎಂದೆ. ಸತ್ಯವನ್ನೇ ಹೇಳಿದ್ದೆ, ಅದು ಕೇಳಿದವರಿಗೆ ಸುಳ್ಳಾಗಿ ತಲುಪಿತು. ಮೇಲಾಗಿ ನನ್ನೊಳಗೂ ಒಂದು ಜಂಬವಿತ್ತು. ಗುಳಿ ಮಗ್ಗ, ಹಳೆಯ ದಂಪತಿ, ಕಪ್ಪುಬಿಳುಪು: ಈ ಚಿತ್ರ ನನ್ನಿಂದಲೇ ಆಗಬೇಕೆಂದು ವಿಧಿ ಕಾದು ಕೂತಿದೆ ಎನಿಸಿತ್ತು.

ಭಾನುವಾರ ಬೆಳಿಗ್ಗೆ ಸಿದ್ಧತೆ. ಟ್ಯೂಬ್‌ಲೈಟಿನಲ್ಲಿ ನನಗೆ ಬೇಕಾದ ಬೆಳಕು ಇರುವುದಿಲ್ಲ. ಹಳೆಯ ಗುಂಡು ಬಲ್ಬಿನಲ್ಲಿ ಧಾರಾಳವಾಗಿ ಇರುತ್ತದೆ. ಮೂರು ಗುಂಡು ಬಲ್ಬು ತಂದು ಮಗ್ಗದ ಸುತ್ತ ನೇತುಹಾಕಿದೆ. ಅಯ್ಯ ಮೀಸೆಗೆ ಹೊಸದಾಗಿ ಕಪ್ಪು ಹಚ್ಚಿ, ಹಣೆಗೆ ವಿಭೂತಿ ಎಳೆದು, ನನ್ನ ಹೆಗಲು ಹಿಡಿದು ಗುಳಿಗಿಳಿದರು. ಅವ್ವ ಆ ಸೀರೆ ಉಟ್ಟು, ಹಣೆಯಲ್ಲಿ ಕಾಸಗಲ ಕುಂಕುಮವಿಟ್ಟು, ಮಗ್ಗದ ಕಂಬಕ್ಕೆ ಕೈಯಾನಿಸಿ ನಿಂತರು.

"ಒಂದು ಸೆಕೆಂಡು ಯಾರೂ ಅಲುಗಾಡಬಾರದು. ಉಸಿರು ಬಿಗಿಹಿಡಿಯಿರಿ," ಎಂದು ಅಪ್ಪಣೆ ಕೊಡಿಸಿದೆ.

ಅವ್ವ ನಕ್ಕುಬಿಟ್ಟರು. "ಏನುಂಗ, ಕೇಳಿದ್ರಾ? ಉಸಿರು ಬಿಗಿಹಿಡಿಯಿರಿ ಅಂತೆ. ವಾರ್ತೆಗಳು ಮುಕ್ತಾಯವಾದವು ಅಂದಂಗೆ!"

"ನೀನು ಕೊಂಜ ಹೊತ್ತು ಬಾಯಿ ಮುಚ್ಚು. ಇಷ್ಟು ವರ್ಷಕ್ಕೆ ಒಂದು ಸೆಕೆಂಡು ಕೇಳ್ತಾ ಇದಾನೆ ಪಾಪ."

"ನಿಮ್ಮ ಮೀಸೆ ನೋಡಿದ್ರೆ ಸೆಕೆಂಡಾದ್ರೂ ಹೆಂಗೆ ತಡಕೊಳ್ಳೋದು?"

ಏಳೆಂಟು ಚಿತ್ರಗಳು ನಗುವಿನಲ್ಲಿ ಕದಡಿಹೋದವು. ಒಂಬತ್ತನೆಯದೋ ಹತ್ತನೆಯದೋ ಸರಿಯಾಗಿ ನಿಂತಿತು. ಅಯ್ಯನ ಕೈಯಲ್ಲಿ ಲಾಳಿ, ಮುಖದಲ್ಲಿ ಗಾಂಭೀರ್ಯ. ಅವ್ವನ ತುಟಿಯ ಮೂಲೆಯಲ್ಲಿ ಇನ್ನೂ ಆರದ ನಗು. ಕ್ಯಾಮೆರಾದ ಪರದೆಯನ್ನು ಅಯ್ಯನಿಗೆ ತೋರಿಸಿದೆ. ಅದರಲ್ಲಿ ಸೀರೆ, ಗೋಡೆ, ಮಗ್ಗ, ಮನುಷ್ಯರು ಸಮಸ್ತವೂ ಕಡುಗೆಂಪು.

"ಪೂರಾ ಕೆಂಪು!" ಎಂದರು ಅಯ್ಯ. "ನಾನು ಹೇಳ್ಲಿಲ್ವಾ?"

"ಇದು ಹೀಗೇ ಇರುವುದಿಲ್ಲ ಅಯ್ಯಾ. ಕಂಪ್ಯೂಟರಿನಲ್ಲಿ ಕಪ್ಪುಬಿಳುಪು ಆಗುತ್ತದೆ."

"ಕರುಪ್ಪುವೆಳ್ಳೆನಾ? ಅದಿನ್ನೂ ಮೇಲು. ನಮ್ಮ ತಾಯಿದು ಸ್ಟುಡಿಯೋ ಫೋಟೋ ಐತಲ್ಲ, ಅದರಾಗೆ ಕುಂಕುಮ ಕರ್ರಗೆ ಗುಂಡಗೆ ಬಂದೈತೆ. ಇವಳದೂ ಹಂಗೇ ಬರ್ಲಿ."

ಅಂದು ಮಧ್ಯಾಹ್ನದಿಂದ ಕರೆಂಟು ಇಲ್ಲದೆ ಕಂಪ್ಯೂಟರ್ ಹಚ್ಚಲಾಗಲಿಲ್ಲ. ಸೋಮವಾರ ನಾನು ಫೌಂಡ್ರಿಯಲ್ಲಿದ್ದಾಗ ಮಕ್ಕಳು ಟೆಂಪೋ ತಂದು ಮಗ್ಗ ಒಯ್ದರು. ಸಂಜೆ ಬಂದು ನೋಡಿದರೆ ಮುಂಗೋಣೆಯಲ್ಲಿ ಒಡೆದ ಇಟ್ಟಿಗೆ ತುಂಬಿದ ಒಂದು ಚೌಕ, ಮೇಲೆ ಹಸಿ ಸಿಮೆಂಟು. ಅಯ್ಯ ಹೊರಗೆ ಜಗಲಿಯಲ್ಲಿ ಕೂತಿದ್ದರು. ಕೂರುವ ಜಾಗ ಒಮ್ಮೆಗೇ ಬದಲಾದವರ ಕಾಲು ಎಲ್ಲಿಡಬೇಕೆಂದು ತಿಳಿಯದೆ ಒಂದರ ಮೇಲೊಂದು ಏರಿ ಇಳಿಯುತ್ತಿತ್ತು.

ಮಹಡಿಗೆ ಹೋಗಿ ಫೋಟೋ ತೆರೆದು, ಕೆಂಪು ತೆಗೆದೆ. ತೆಗೆದವನು ಹಾಗೇ ಕೂತೆ.

ಅವ್ವನ ಹಣೆ ಖಾಲಿ. ಕಾಸಗಲ ಕುಂಕುಮ ಗುರುತಿಲ್ಲದಂತೆ ಮಾಯ. ಕುಂಕುಮದ ಕೆಂಪು ಆ ಬೆಳಕಿನಲ್ಲಿ ಬೆಳ್ಳಗೆ ಕಾಣುತ್ತದೆ, ಚರ್ಮವೂ ಬೆಳ್ಳಗೆ ಕಾಣುತ್ತದೆ, ಎರಡೂ ಒಂದಾಗಿಬಿಟ್ಟಿವೆ. ಅಯ್ಯನ ವಿಭೂತಿ ಮಾತ್ರ ಇದ್ದಲ್ಲೇ ಇತ್ತು. ಮೀಸೆಗೆ ಹಚ್ಚಿದ ಕಪ್ಪು ಎಲ್ಲಿಯೂ ಇರಲಿಲ್ಲ. ಒಳಗಿದ್ದ ನರೆ ನರೆಯಾಗಿಯೇ ಬಂದಿತ್ತು. ಇವೆರಡನ್ನೂ ಹೇಗೋ ಸಹಿಸಬಹುದಿತ್ತು, ಸೀರೆಯದು ಇನ್ನೂ ವಿಚಿತ್ರ. ನಿರಿಗೆಯಿಂದ ಸೊಂಟದವರೆಗೆ ಅದು ಸುಣ್ಣದಂತೆ ಬೆಳ್ಳಗಾಗಿತ್ತು. ಎದೆಯ ಮೇಲಿನ ಸೆರಗು ಮಾತ್ರ ಕಪ್ಪು. ಮೂರು ಬಲ್ಬುಗಳಲ್ಲಿ ಒಂದು ಸರಿಯಾಗಿ ಬೀಳಲಿಲ್ಲ ಎಂದುಕೊಂಡೆ. ಏನೇ ಇರಲಿ, ಬರಿಯ ಹಣೆ, ಬಿಳಿಯ ಸೀರೆ. ಗಂಡ ಪಕ್ಕದಲ್ಲಿ ಲಾಳಿ ಹಿಡಿದು ಕೂತಿರುವಾಗಲೇ ನನ್ನ ಕ್ಯಾಮೆರಾ ಆ ತಾಯಿಯನ್ನು ವಿಧವೆ ಮಾಡಿಟ್ಟಿತ್ತು. ಮತ್ತೆ ತೆಗೆಯೋಣವೆಂದರೆ ಮಗ್ಗ ಪಲ್ಲಡಂ ಸೇರಿತ್ತು, ಗುಳಿ ಸಿಮೆಂಟಿನ ಕೆಳಗಿತ್ತು.

ಆ ವಾರ ನಾನು ಮೆಟ್ಟಿಲನ್ನು ಕಳ್ಳನಂತೆ ಹತ್ತಿ ಇಳಿದೆ. ಆದರೂ ಅವ್ವ ದಿನಾ ಕೆಳಗಿನಿಂದ ಕೂಗುತ್ತಿದ್ದರು. "ತಂಬೀ, ಇನ್ನೂ ಬೇಯ್ತಾ ಐತಾ ಫೋಟೋ?"

"ಇನ್ನೂ ಸ್ವಲ್ಪ ಇದೆ ಅವ್ವಾ."

"ಸಣ್ಣ ಉರೀಲಿ ಇಟ್ಟಿದ್ಯಾ?"

ಕಂಪ್ಯೂಟರಿನಲ್ಲಿ ಬ್ರಷ್ಷು ಹಿಡಿದು ಹಣೆಯ ಮೇಲೊಂದು ಕಪ್ಪು ಚುಕ್ಕಿ ಇಟ್ಟರೆ ಮುಗಿಯಿತಲ್ಲ ಎಂದು ಯಾರಾದರೂ ಹೇಳಬಹುದು. ನನಗೂ ಹೊಳೆದಿತ್ತು. ಬುಧವಾರ ಬ್ರಷ್ಷನ್ನು ಆ ಹಣೆಯವರೆಗೆ ಒಯ್ದೂ ಇದ್ದೆ. ಅಲ್ಲಿ ಕೈ ನಿಂತಿತು. ನಾನು ಮದುವೆಯಿಲ್ಲದ ಬಾಡಿಗೆದಾರ. ಪರರ ಪತ್ನಿಯ ಹಣೆಗೆ, ಅದೂ ಮನೆಯ ಯಜಮಾನತಿಯ ಹಣೆಗೆ, ಅವರ ಪತಿ ಕೆಳಗೆ ಜಗಲಿಯಲ್ಲಿ ಕೂತಿರುವಾಗ, ಮಹಡಿಯಲ್ಲಿ ಬಾಗಿಲು ಮುಚ್ಚಿಕೊಂಡು ಕುಂಕುಮವಿಡುವ ಅಧಿಕಾರ ನನಗೆ ಯಾವ ಬಾಡಿಗೆ ಕರಾರಿನಲ್ಲೂ ಬಂದಿರಲಿಲ್ಲ. ಬ್ರಷ್ಷು ಕೆಳಗಿಟ್ಟೆ.

ಭಾನುವಾರ ಬೆಳಿಗ್ಗೆ ಅಯ್ಯನೊಬ್ಬರನ್ನೇ ಮೇಲಕ್ಕೆ ಕರೆದೆ. ಅವರು ಮೊಣಕಾಲು ಹಿಡಿದು ಹತ್ತಿ ಬಂದು, ಕುರ್ಚಿಯಲ್ಲಿ ಕೂತು, ಪರದೆಯನ್ನು ನೋಡಿದರು.

"ನಾನು ಇನ್ನೂ ಇದ್ದೀನಲ್ಲ ತಂಬಿ," ಎಂದರು.

ನಾನು ಕಾಣದ ಬೆಳಕಿನ ವಿಷಯವನ್ನೂ, ಅವಗೆಂಪು ಎಂಬುದರ ನಿಜವಾದ ಅರ್ಥವನ್ನೂ, ಕಾಪಿಯ ಕಾರಣದಿಂದ ಅದು ಅಂದು ನನ್ನ ಬಾಯಲ್ಲೇ ಉಳಿದುದನ್ನೂ ಒಂದೇ ಉಸಿರಿನಲ್ಲಿ ಒಪ್ಪಿಸಿದೆ. ಕುಂಕುಮವನ್ನು ಈಗ ಇಡಬಹುದು, ಆದರೆ ನೀವೇ ಇಡಬೇಕು ಎಂದೆ. ಮೌಸನ್ನು ಅವರ ಕೈಗೆ ಕೊಟ್ಟೆ.

ಜೀವಮಾನವಿಡೀ ಲಾಳಿಯನ್ನು ಈ ಕಡೆಯಿಂದ ಆ ಕಡೆಗೆ ಗುರಿ ತಪ್ಪದೆ ಓಡಿಸಿದ ಕೈ ಅದು. ಮೌಸು ಮಾತ್ರ ಅದಕ್ಕೆ ಬಗ್ಗಲಿಲ್ಲ. ಮೊದಲ ಕುಂಕುಮ ಅವ್ವನ ಮೂಗಿಗೆ ಬಿತ್ತು. ಅಳಿಸಿದೆ. ಎರಡನೆಯದು ಮಗ್ಗದ ಕಂಬಕ್ಕೆ. "ಅದಕ್ಕೂ ಇರ್ಲಿ, ಅದೂ ಹೋಯ್ತಲ್ಲ," ಎಂದರು. ಆಮೇಲೆ ತಾವೇ ಬೇಡವೆಂದರು. ಮೂರನೆಯದು ಹಣೆಗೆ, ಕೊಂಚ ಎಡಕ್ಕೆ ವಾಲಿ ಕೂತಿತು. ಅಯ್ಯ ಬೆವರು ಒರೆಸಿಕೊಂಡು ಹಿಂದಕ್ಕೊರಗಿದರು. ಆಗ ಅವರ ಕಣ್ಣು ಸೀರೆಯ ಮೇಲೆ ಬಿತ್ತು.

"ಸೆರಗು ಕರ್ರಗೈತೆ. ನಿರಿಗೆ ಯಾಕೆ ಬೆಳ್ಳಗೆ?"

"ಒಂದು ಬಲ್ಬು ಸರಿಯಾಗಿ ಬೀಳಲಿಲ್ಲ ಅಯ್ಯಾ, ನನ್ನದೇ ತಪ್ಪು."

ಅವರು ಪರದೆಯ ಹತ್ತಿರ ಬಾಗಿ, ಸೊಂಟದ ಬಳಿ ಕಪ್ಪೂ ಬಿಳುಪೂ ಸೇರುವ ಗೆರೆಯ ಮೇಲೆ ಉಗುರಿಟ್ಟರು. "ಬಲ್ಬಲ್ಲ ತಂಬಿ," ಎಂದರು, ಕೆಳಗೆ ಕೇಳಿಸೀತೆಂಬಂತೆ ಸ್ವರ ತಗ್ಗಿಸಿ. "ನೂಲು ಸಾಕಾಗ್ಲಿಲ್ಲ."

ಸೆರಗಿನಿಂದ ನೇಯ್ಗೆ ಶುರುಮಾಡಿದ ಅಯ್ಯ, ಹೆಂಡತಿಯ ಸೀರೆಯೆಂಬ ಜಂಬದಲ್ಲಿ ಸೆರಗನ್ನು ಒಂದು ಮೊಳ ಉದ್ದ ಮಾಡಿ, ಒತ್ತಾಗಿ ಹೊಕ್ಕು ಹಾಕಿದ್ದರಂತೆ. ಸೆರಗು ಮುಗಿದು ಸ್ವಲ್ಪ ಮುಂದೆ ಹೋಗುವಷ್ಟರಲ್ಲಿ ಬಾಮೈದ ಕೊಟ್ಟ ನೂಲು ಮುಗಿಯಿತು. ಕೇಳೋಣವೆಂದರೆ ಆತ ಇರಲಿಲ್ಲ. ಅಯ್ಯ ಒಂದು ಗೇಣು ನೂಲನ್ನು ಜೇಬಿನಲ್ಲಿಟ್ಟುಕೊಂಡು ತಿರುಪ್ಪೂರಿನ ಒಂದು ಬಣ್ಣದ ಕಾರ್ಖಾನೆಗೆ ಬಸ್ಸಿನಲ್ಲಿ ಹೋದರು. ಮೂರು ಸಲ ಬಣ್ಣ ಸೇರದೆ ವಾಪಸು ಬಂದು, ನಾಲ್ಕನೇ ಸಲ ಬಿಸಿಲಲ್ಲಿ ಹಿಡಿದು ನೋಡಿದರೂ ಬೇರೆ ಎನ್ನಲಾಗದ ನೂಲು ತಂದರು. ಯಾರಿಗೂ ಹೇಳಲಿಲ್ಲ.

"ಈ ಬೀದೀಲಿ ಎಲ್ಲರೂ ನೇಕಾರರೇ. ಒಬ್ಬರ ಕಣ್ಣಿಗೂ ಸಿಗ್ಲಿಲ್ಲ. ನಿನ್ನ ಡಬ್ಬಿಗೆ ಸಿಕ್ತಲ್ಲ," ಎಂದರು. "ಅಣ್ಣನ ಬಣ್ಣ ಅಂತ ಉಡ್ತಾಳೆ ಅವಳು. ಇದನ್ನ ನೋಡಿದ್ರೆ... ಎಲ್ಲಾನೂ ಕರ್ರಗೆ ಮಾಡೋಕಾಗ್ತದಾ?"

ಆಗುತ್ತದೆ ಎಂದೆ. ತುಕ್ಕಿನ ನೀರಿನ ಕಪ್ಪು ಆ ಬೆಳಕನ್ನು ನುಂಗಿರಬೇಕು, ತಿರುಪ್ಪೂರಿನ ಬಣ್ಣ ಬಿಟ್ಟುಕೊಟ್ಟಿರಬೇಕು ಎಂದು ಮನಸ್ಸಿನಲ್ಲೇ ಲೆಕ್ಕ ಹಾಕುತ್ತ, ನಿರಿಗೆಯನ್ನು ಒಂದೊಂದಾಗಿ ಕಪ್ಪಾಗಿಸತೊಡಗಿದೆ. ಊರಿನ ತೂತು ಹುಡುಕುವವನು ಮೊದಲ ಬಾರಿಗೆ ಒಂದನ್ನು ಮುಚ್ಚುತ್ತಿದ್ದೆ. ನಾಲ್ಕನೆಯ ನಿರಿಗೆಯಲ್ಲಿದ್ದಾಗ ಕರೆಂಟು ಹೋಯಿತು. ನಿರಿಗೆಯ ಕಪ್ಪೂ ಹೋಯಿತು, ಅಷ್ಟು ಕಷ್ಟಪಟ್ಟು ಇಟ್ಟ ಕುಂಕುಮವೂ ಹೋಯಿತು. ಸೇವ್ ಮಾಡಿರಲಿಲ್ಲ.

ಮೆಟ್ಟಿಲ ಮೇಲೆ ಬಳೆ ಸದ್ದಾಯಿತು. ಅವ್ವ ಎರಡು ಲೋಟ ಮಜ್ಜಿಗೆ ಹಿಡಿದು ಬಾಗಿಲಲ್ಲಿ ನಿಂತರು. "ಕರೆಂಟಿಲ್ಲದ ಟೀವೀನ ಎರಡು ಆಳು ಕೂತು ನೋಡ್ತಾ ಇದೀರಲ್ಲ. ಸಿನಿಮಾ ಪಡ ಚೆನ್ನಾಗೈತಾ?"

"ನೀನು ಕೆಳಗೆ ಹೋಗು, ಬರ್ತೀವಿ," ಎಂದರು ಅಯ್ಯ ಅವಸರದಿಂದ. ಆ ಅವಸರ ಬೇಕಾದ್ದಕ್ಕಿಂತ ಹೆಚ್ಚಾಯಿತು. ಅವ್ವ ನನ್ನ ಮಂಚದ ಮೇಲೆ ಕೂತರು. ಕರೆಂಟು ಬರುವವರೆಗೆ ಏಳಲಿಲ್ಲ.

ಬಂದಾಗ ನಾನು ಕಂಪ್ಯೂಟರನ್ನು ಎಷ್ಟು ನಿಧಾನವಾಗಿ ಹಚ್ಚಬಹುದೋ ಅಷ್ಟು ನಿಧಾನವಾಗಿ ಹಚ್ಚಿದೆ. ಅದೂ ನನ್ನ ಪರವಾಗಿ ಸಾಕಷ್ಟು ತಡಮಾಡಿತು. ಕೊನೆಗೆ ಫೋಟೋ ತೆರೆಯಲೇಬೇಕಾಯಿತು.

ಅವ್ವ ನೋಡಿದರು. ಮೊದಲು ಕಣ್ಣಿಗೆ ಬಿದ್ದದ್ದು ಗಂಡನ ಮುಖ. "ಏನುಂಗ, ಅಷ್ಟು ಹೊತ್ತು ಕನ್ನಡಿ ಮುಂದೆ ನಿಂತು ಹಚ್ಚಿದ್ದೆಲ್ಲ ಎಲ್ಲೋಯ್ತು?" ಎಂದು ನಕ್ಕರು. ಆಮೇಲೆ ನಗು ನಿಂತಿತು. ತಮ್ಮ ಹಣೆಯನ್ನು ಬೆರಳಿನಿಂದ ಮುಟ್ಟಿ ನೋಡಿಕೊಂಡರು. ನಿಜವಾದ ಕುಂಕುಮ ಅಲ್ಲೇ ಇತ್ತು. ನಾನು ತಡವರಿಸುತ್ತ, ಕ್ಯಾಮೆರಾಕ್ಕೆ ಕೆಂಪು ಕಾಣುವುದಿಲ್ಲ, ಅಯ್ಯ ಇಟ್ಟಿದ್ದರು, ಕರೆಂಟಿನ ಜೊತೆ ಹೋಯಿತು, ಮತ್ತೆ ಇಡುತ್ತಾರೆ ಎಂದೆ. ಅವರ ಕಣ್ಣು ಆಗಲೇ ಸೀರೆಗೆ ಇಳಿದಿತ್ತು.

"ಅದು ಬಲ್ಬಂತೆ," ಎಂದರು ಅಯ್ಯ. ನನ್ನ ಸುಳ್ಳನ್ನು ನನ್ನೆದುರೇ ಕಡ ತೆಗೆದುಕೊಂಡಿದ್ದರು. "ಒಂದು ಬಲ್ಬು ಸರಿಯಾಗಿ ಬೀಳ್ಲಿಲ್ವಂತೆ."

"ಬಲ್ಬಾ?" ಅವ್ವ ಗಂಡನ ಕಡೆ ತಿರುಗಿದರು. "ಆ ಸೀರೆಗೆ ಕಂಡಿಕೆ ಸುತ್ತಿದ್ದು ಯಾರುಂಗ?"

ಲಾಳಿಯೊಳಗೆ ಕೂರುವ ಆ ಸಣ್ಣ ಕೊಳವೆಗೆ, ಕಂಡಿಕೆಗೆ, ನೂಲು ಸುತ್ತುವುದು ನೇಕಾರರ ಮನೆಗಳಲ್ಲಿ ಹೆಂಗಸರ ಕೆಲಸ. ಆ ಸೀರೆಯ ಒಂದೊಂದು ಎಳೆಯೂ ಲಾಳಿಗೆ ಹೋಗುವ ಮೊದಲು ಅವ್ವನ ಬೆರಳುಗಳ ನಡುವೆ ಹಾದುಹೋಗಿತ್ತು. ಇಷ್ಟು ವರ್ಷ ನೇಯ್ದವರಿಗೆ ಇದು ಹೊಳೆಯಲೇ ಇಲ್ಲ.

"ನಮ್ಮಣ್ಣನ ನೂಲು ಸುತ್ತಿದ್ರೆ ಬೆರಳಿಗೆಲ್ಲ ಕರ್ರಗೆ ಹತ್ತೋದು. ಸೋಪಿಗೂ ಹೋಗ್ತಿರ್ಲಿಲ್ಲ. ಆಮೇಲೆ ತಂದಿದ್ದು ಹತ್ತಲಿಲ್ಲ."

"ಗೊತ್ತಿದ್ದೂ ಯಾಕೆ ಹೇಳ್ಲಿಲ್ಲ?"

"ನೀವು ಯಾಕೆ ಹೇಳ್ಲಿಲ್ಲ?"

ನಾನು ಮಜ್ಜಿಗೆಯ ಲೋಟದೊಳಗೆ ಮುಖವಿಟ್ಟೆ.

"ತಿರುಪ್ಪೂರಿಗೆ ನಾಲ್ಕು ಸಲ ಹೋದ್ರಿ," ಎಂದರು ಅವ್ವ. "ಒಂದ್ಸಲ ಯಾರದೋ ಕಲ್ಯಾಣ ಅಂದ್ರಿ. ಒಂದ್ಸಲ ಸಾವು ಅಂದ್ರಿ. ಆ ಸತ್ತವರೇ ಮುಂದಿನ ವಾರ ಮನೆಗೆ ಬಂದು ಕಾಪಿ ಕುಡಿದು ಹೋದ್ರು. ನಾನು ಏನಾದ್ರೂ ಕೇಳಿದ್ನಾ?" ಪರದೆಯ ಮೇಲಿನ ಬಿಳಿ ನಿರಿಗೆಯನ್ನು ಬೆರಳ ತುದಿಯಿಂದ ಮೇಲಿಂದ ಕೆಳಗೆ ಸವರಿದರು. "ಅಷ್ಟು ಸುಳ್ಳು ಹೇಳಿ ತಂದ ನೂಲಿಗೆ ಏನು ಕಮ್ಮಿ? ಸೆರಗು ತವರದು, ನಿರಿಗೆ ನಿಮ್ದು. ಸೀರೆ ಹಂಗೇ ಇರ್ಲಿ ತಂಬಿ, ಕೈ ಹಚ್ಚಬೇಡ."

ಅಯ್ಯ ಕಿಟಕಿಯ ಕಡೆ ನೋಡುತ್ತ ಮೂಗನ್ನು ಟವೆಲಿನಿಂದ ಒರೆಸಿಕೊಂಡರು. ಧೂಳು ಜಾಸ್ತಿ ಎಂದರು.

"ಕುಂಕುಮ ಮಾತ್ರ ಇಡಿ," ಎಂದರು ಅವ್ವ. "ನೀವೇ."

ಈ ಸಲ ಅವ್ವನ ಮೇಲ್ವಿಚಾರಣೆಯಲ್ಲಿ ಕೆಲಸ ನಡೆಯಿತು. "ಮೇಲೆ, ಮೇಲೆ. ಅದು ಕಣ್ಣು. ಕಲ್ಯಾಣದ ದಿವಸವೂ ಹಿಂಗೇ ತಂಬಿ, ಹುಬ್ಬಿನ ಮೇಲೆ ಇಟ್ಬಿಟ್ಟಿದ್ರು. ಅಷ್ಟು ಜನರ ಮುಂದೆ ಒರೆಸೋಕೂ ಆಗ್ದೆ ಕೂತಿದ್ದೆ." ಮತ್ತೆ ಮೂರನೇ ಸಲಕ್ಕೆ ಚುಕ್ಕಿ ಹಣೆಗೆ ಬಿತ್ತು. ಮತ್ತೆ ಎಡಕ್ಕೇ ವಾಲಿತ್ತು. ಸರಿಸಲೇ ಎಂದು ಕೇಳಿದೆ. "ಬೇಡ. ಇಟ್ಟಾಯ್ತಲ್ಲ," ಎಂದರು. ನಾನು ಕೂಡಲೇ ಸೇವ್ ಮಾಡಿದೆ. ಒಂದಲ್ಲ, ಮೂರು ಸಲ.

ಪ್ರಿಂಟು ಹಾಕಿಸಲು ಹೋದಾಗ ಲ್ಯಾಬಿನವನು ಹಣೆಯ ಪೊಟ್ಟು ಪಕ್ಕಕ್ಕೆ ಹೋಗಿದೆ, ಸೆಂಟರ್ ಮಾಡಿಕೊಡಲೇ ಎಂದು ಕೇಳಿದ. ಅದನ್ನು ಇಟ್ಟವರು ಇಡಲು ಹಕ್ಕುಳ್ಳವರು, ತಿದ್ದಲು ನಾವು ಯಾರೂ ಅಲ್ಲ ಎಂದು ಗಂಭೀರವಾಗಿ ಹೇಳಿ ಬಂದೆ. ಅವನಿಗೆ ನನ್ನ ತಮಿಳು ಅರ್ಥವಾಗಲಿಲ್ಲ, ಅದರಿಂದ ಒಳ್ಳೆಯದೇ ಆಯಿತು.

ಅಯ್ಯ ಆಮೇಲೆ ಮೀಸೆಗೆ ಕಪ್ಪು ಹಚ್ಚುವುದನ್ನು ಬಿಟ್ಟರು. ಕ್ಯಾಮೆರಾ ಮತ್ತೊಂದು ಮಳೆಗಾಲ ದಾಟಲಿಲ್ಲ. ನೀಲಿ ಗಾಜು ಬೆಂಕಿಪೊಟ್ಟಣದಲ್ಲೇ ಉಳಿಯಿತು. ಅವ್ವ ಒಮ್ಮೆ ಅದನ್ನು ಕಣ್ಣಿಗೆ ಹಿಡಿದು ಬೀದಿಯನ್ನೆಲ್ಲ ನೋಡಿ, "ಇದರಾಗೆ ಎಲ್ಲ ಹಂಗಂಗೇ ಐತಲ್ಲ, ಇದನ್ಯಾಕೆ ತೆಗೆಸ್ದೆ?" ಎಂದು ಕೇಳಿ ವಾಪಸು ಕೊಟ್ಟಿದ್ದರು. ನಾನು ಕುರಿಚಿ ಬಿಟ್ಟು ಬಂದೆ.

ಒಂದೆರಡು ವರ್ಷದ ಮೇಲೆ ಕೆಲಸದ ಮೇಲೆ ಆ ಕಡೆ ಹೋದಾಗ ಮನೆಗೆ ಹೋಗಿದ್ದೆ. ಮುಂಗೋಣೆಯಲ್ಲಿ ಗುಳಿ ಇದ್ದ ಜಾಗದಲ್ಲಿ ಎರಡು ಪ್ಲಾಸ್ಟಿಕ್ ಕುರ್ಚಿ, ಮೇಲೆ ಗೋಡೆಯಲ್ಲಿ ಆ ಫೋಟೋ. ಮದುವೆಯ ಕರೆಯೋಲೆ ಕೊಡಲು ಬಂದಿದ್ದ ನೆಂಟರೊಬ್ಬರು, ಅವ್ವ ಎರಡು ಸೀರೆ ಉಟ್ಟಿದ್ದಾರೋ ಹೇಗೆ ಎಂದು ಕೇಳಿದರು. ಅಯ್ಯ ಇದಕ್ಕೇ ಕಾದಿದ್ದವರಂತೆ ಎದ್ದರು. ಇದು ಅವ್ವಗೆಂಪು ಕ್ಯಾಮೆರಾದಲ್ಲಿ ತೆಗೆದದ್ದು ಎಂದು ಶುರುಮಾಡಿ, ಬಾಮೈದನ ನೂಲು, ಉದ್ದದ ಸೆರಗು, ತಿರುಪ್ಪೂರಿನ ನಾಲ್ಕು ಬಸ್ಸು, ಸಾಯದೆ ಸತ್ತ ನೆಂಟ, ಎಲ್ಲವನ್ನೂ ಒಂದೂ ಬಿಡದೆ ಹೇಳಿದರು. ಕಡೆಗೆ ಗಾಜಿನ ಮೇಲೆ ಬೆರಳಿಟ್ಟು, "ಇಗೋ, ಇಲ್ಲೇ ನೂಲು ಬದಲಾಗಿದ್ದು," ಎಂದರು.

"ಅಲ್ಲ ಅಲ್ಲುಂಗ," ಎಂದು ಅಡುಗೆಮನೆಯಿಂದ ಒಗ್ಗರಣೆಯ ಸದ್ದಿನ ನಡುವೆ ಕೇಳಿಸಿತು. "ಅದಕ್ಕಿಂತ ಎರಡು ಬೆರಳು ಮೇಲೆ."